ಅಜ್ಜಿಯ ವರ್ಷದ ಪೂಜೆಗೆ ಮುಂಚೆ ನಿನಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ್ದನ್ನು ಓದಿದೆ. ಅಜ್ಜಿಯ ವರ್ಷದ ಪೂಜೆ ದಿನ ಚರ್ಚಿನಲ್ಲಿ ನಾಲ್ಕು ಮಾತಾಡು ಅಂತ ಫಾದರ್ ನಿನ್ನನ್ನೇ ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ಆದರೆ ನೀನು ಬರೆದಿರುವುದರಲ್ಲಿ ನಿನ್ನ ಅಜ್ಜಿ ಇಲ್ಲ ಮಗಳೇ. ಮಮತಾಮಯಿ, ದೈವಭಕ್ತೆ, ತುಂಬಲಾರದ ನಷ್ಟ. ಈ ಮಾತುಗಳನ್ನು ಯಾರ ಫೋಟೋ ಕೆಳಗೆ ಬೇಕಾದರೂ ಹಾಕಬಹುದು. ಅವು ಸುಳ್ಳು ಅಂತ ಅಲ್ಲ, ಅವುಗಳಲ್ಲಿ ಅವಳ ಮುಖ ಕಾಣುವುದಿಲ್ಲ ಅಷ್ಟೇ.

ತೀರಿಕೊಂಡವರನ್ನು ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಹೇಗೆ ನೆನೆಯುತ್ತಿದ್ದಳು ಅಂತ ಸ್ವಲ್ಪ ಯೋಚನೆ ಮಾಡು. ಅವಳ ಪ್ರಾರ್ಥನೆ ಪುಸ್ತಕ ಈಗ ನನ್ನ ಹತ್ತಿರ ಇದೆ. ರಟ್ಟು ಕಿತ್ತುಹೋಗಿದೆ, ಮಧ್ಯದಲ್ಲಿ ಉಬ್ಬಿಕೊಂಡಿದೆ, ಜಡೆಗೆ ಹಾಕುವ ಕಪ್ಪು ಟೇಪಿನಲ್ಲಿ ಸುತ್ತಿ ಕಟ್ಟಿದ್ದಾಳೆ. ಬಿಚ್ಚಿದರೆ ಹಾಳೆಗಿಂತ ಜಾಸ್ತಿ ಇರುವುದು ಸತ್ತವರ ನೆನಪಿನ ಕಾರ್ಡುಗಳು, ಅದೇ ಮೂವತ್ತನೇ ದಿನದ ಪೂಜೆಯಲ್ಲೋ ವರ್ಷದ ಪೂಜೆಯಲ್ಲೋ ಹಂಚುತ್ತಾರಲ್ಲ, ಒಂದು ಕಡೆ ಫೋಟೋ, ಇನ್ನೊಂದು ಕಡೆ ಹುಟ್ಟಿದ ದಿನ, ತೀರಿಕೊಂಡ ದಿನ, ಒಂದು ಪ್ರಾರ್ಥನೆ. ಸಾಯಂಕಾಲ ಜಪಮಾಲೆ ಮುಗಿದ ಮೇಲೆ ಅದರಲ್ಲಿ ಒಂದು ಕಾರ್ಡು ತೆಗೆಯುತ್ತಿದ್ದಳು. ಹೆಸರು ಹೇಳಿ, ಶಿಲುಬೆ ಗುರುತು ಹಾಕಿ, ಆಮೇಲೆ ಅವರದ್ದೊಂದು ಕಥೆ ಶುರು. "ಈ ಮಹಾತಾಯಿ ನನ್ನ ಹತ್ತಿರ ಎರಡು ಸೇರು ಅವರೆಕಾಳು ಇಸ್ಕೊಂಡು ಹೋದೋಳು, ವಾಪಸ್ ಕೊಡ್ಲೇ ಇಲ್ಲ. ಮೇಲೆ ಹೋದ್ಮೇಲೆ ಮೊದಲು ಅದನ್ನೇ ಕೇಳ್ತೀನಿ" ಅಂತ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆ ಹೆಂಗಸು ಸತ್ತು ಎಷ್ಟೋ ವರ್ಷ ಆಗಿತ್ತು. ಅವರೆಕಾಳಿನ ದೆಸೆಯಿಂದ ಅವರು ನಮ್ಮ ಮನೆಯಲ್ಲಿ ಇನ್ನೂ ಬದುಕಿದ್ದರು.

ನೀನು ಅವಳನ್ನು ಹಾಗೇ ನೆನೆಯಬೇಕು ಅನ್ನೋದು ನನ್ನ ಆಸೆ. ಹೆಸರು ಹೇಳು, ಪ್ರಾರ್ಥನೆ ಮಾಡು, ಆಮೇಲೆ ಅವಳಿಗೆ ಮಾತ್ರ ಸೇರಿದ ಒಂದು ಸಂಗತಿ ಹೇಳು.

ಸಂಗತಿಗಳಿಗೇನು ಕೊರತೆ? 91 ವರ್ಷ ಬದುಕಿದವಳು. ಅವಳ ಮದುವೆ ಆದದ್ದು ಶೆಟ್ಟಿಹಳ್ಳಿ ಚರ್ಚಿನಲ್ಲಿ, ಈಗ ನಿನ್ನ ಸ್ನೇಹಿತರೆಲ್ಲ ಫೋಟೋ ತೆಗೆಯೋಕೆ ಹೋಗುತ್ತಾರಲ್ಲ, ಅದೇ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ಜಪಮಾಲೆ ಮಾತೆಯ ಚರ್ಚ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆಗಿ, 1979ರ ಹೊತ್ತಿಗೆ ಕೆಲಸ ಮುಗಿದು, ನೀರು ಮೇಲೆ ಬಂತು. ಊರಿನವರು ಪಾತ್ರೆ, ದನ, ಬಾಗಿಲಿನ ಹಲಗೆ ಎಲ್ಲ ಎತ್ತಿಕೊಂಡು ಬೇರೆ ಕಡೆ ಹೋದರು. ಗೋಡೆ, ಕಮಾನು ಅಲ್ಲೇ ಉಳಿದವು. ಮಳೆಗಾಲದಲ್ಲಿ ಮುಳುಗುತ್ತವೆ, ಬೇಸಿಗೆಯಲ್ಲಿ ನೀರು ಇಳಿದರೆ ನಡೆದುಕೊಂಡೇ ಒಳಗೆ ಹೋಗಬಹುದು. ಅಂಥ ಊರು ಕಳೆದುಕೊಂಡವಳು ಅದರ ಬಗ್ಗೆ ಹೇಳುತ್ತಿದ್ದುದೇನು? "ನಮ್ಮ ಗುಡಿ ವರ್ಷಕ್ಕೊಂದು ಸಲ ಸ್ನಾನಕ್ಕೆ ಇಳಿಯುತ್ತೆ." ಬೇಸಿಗೆಯಲ್ಲಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಪೀಠ ಇದ್ದ ಕಡೆ ಮೊಣಕಾಲೂರಿ, ಎದ್ದು ಸೀರೆಗೆ ಹತ್ತಿದ ಕೆಸರು ಒದರಿಕೊಂಡು, ನಿಮ್ಮ ತಾತ ತಾಳಿ ಕಟ್ಟುವಾಗ ಇಲ್ಲೇ ಕೈ ನಡುಗಿಸಿದ್ದು ಅಂತ ಜಾಗ ತೋರಿಸಿದ್ದಳು.

ಅವಳು ಚಿಕ್ಕವಳಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ. ಫಾದರ್ ಜನರಿಗೆ ಬೆನ್ನು ಹಾಕಿ ಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ಹೆಂಗಸರು ಕೆಳಗೆ ಕೂತು ತಮ್ಮ ಪಾಡಿಗೆ ಜಪಮಾಲೆ ಎಣಿಸುತ್ತಿದ್ದರಂತೆ. ರೋಮಿನಲ್ಲಿ 1962ರಿಂದ 65ರವರೆಗೆ ನಡೆದ ದೊಡ್ಡ ಸಭೆಯ ನಂತರ ಎಲ್ಲ ಕಡೆ ಜನರ ಭಾಷೆಯಲ್ಲಿ ಪೂಜೆ ಶುರುವಾಯಿತು, ನಮ್ಮಲ್ಲಿ ಕನ್ನಡದಲ್ಲಿ. "ಇಷ್ಟು ದಿನ ದೇವರಿಗೆ ಒಬ್ಬನಿಗೇ ಗೊತ್ತಾಗ್ತಿತ್ತು, ಈಗ ನನಗೂ ಗೊತ್ತಾಗುತ್ತೆ" ಅಂತ ಅಮ್ಮ ಎದೆ ತುಂಬಾ ಹಾಡೋಕೆ ಶುರು ಮಾಡಿದಳು. ಶ್ರುತಿ ಇಲ್ಲ, ತಾಳ ಇಲ್ಲ. ಗಾನವೃಂದದ ಹುಡುಗರೇ ಕೊನೆಗೆ ಅವಳ ಹಿಂದೆ ಬರಬೇಕಿತ್ತು. ಜಪಮಾಲೆಗೆ 2002ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಬೆಳಕಿನ ರಹಸ್ಯಗಳನ್ನು, ಅಂದರೆ ಯೇಸುವಿನ ಬದುಕಿನ ಐದು ಘಟನೆಗಳ ಧ್ಯಾನವನ್ನು, ಸೇರಿಸಿದರಲ್ಲ, ಆಗ ಅವಳಿಗೆ ಎಪ್ಪತ್ತರ ಹತ್ತಿರ. ಗುರುವಾರಕ್ಕೆ ಹೊಸದು ಬಂದಿದೆ ಅಂತ ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕೂರಿಸಿಕೊಂಡು ಐದನ್ನೂ ಬಾಯಿಪಾಠ ಮಾಡಿದಳು.

ಇನ್ನೊಂದು ವಿಷಯ. ಅಜ್ಜಿಗೆ ಕಷ್ಟವೇ ಗೊತ್ತಿರಲಿಲ್ಲವೇನೋ, ಯಾವಾಗಲೂ ನಗುತ್ತಿದ್ದರು ಅಂತ ಬರೆದಿದ್ದೀಯ. ಆ ಸಾಲು ತೆಗೆದುಬಿಡು. ನನಗೊಬ್ಬ ತಮ್ಮ ಇದ್ದ, ನಾಲ್ಕು ವರ್ಷದವನು ಜ್ವರದಲ್ಲಿ ಹೋದ. ಪ್ರತಿವರ್ಷ ಅವನು ಹುಟ್ಟಿದ ದಿನ ಅಮ್ಮ ಶ್ಯಾವಿಗೆ ಪಾಯಸ ಮಾಡಿ ಬೀದಿಯ ಮಕ್ಕಳಿಗೆಲ್ಲ ಹಾಕುತ್ತಿದ್ದಳು, ಅವತ್ತು ತಾನು ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ತಾತ ಹೋದ ಮೇಲೆ ಎಷ್ಟೋ ತಿಂಗಳು ಚರ್ಚಿನಲ್ಲಿ ಅವಳ ದನಿ ಕೇಳಲಿಲ್ಲ. ಆದರೂ ಹೋಗುತ್ತಿದ್ದಳು, ಎಡಗಡೆ ಮೂರನೇ ಬೆಂಚಿನಲ್ಲಿ ಸುಮ್ನೆ ಕೂತು ಬರುತ್ತಿದ್ದಳು. ಪೂಜೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ಇವತ್ತು ಯಾರು ಬಂದಿಲ್ಲ ಅಂತ ನೋಡುವ ಅಭ್ಯಾಸ ಮಾತ್ರ ಆಗಲೂ ಬಿಡಲಿಲ್ಲ. ಬರದೆ ಇದ್ದವರ ಮನೆಗೆ ಮಧ್ಯಾಹ್ನದೊಳಗೆ ಹೋಗಿ ಬಾಗಿಲು ತಟ್ಟುತ್ತಿದ್ದಳು. ಅಲ್ಲಿ ನಗಿಸುತ್ತಾ ನಗಿಸುತ್ತಾ ತಾನೂ ನಗೋಕೆ ಶುರು ಮಾಡಿದ್ದು. ನಾನು ಕಣ್ಣಾರೆ ನೋಡಿದ್ದೇನೆ. ಆ ನಗು ಅವಳಿಗೆ ಪುಕ್ಕಟೆ ಬಂದದ್ದಲ್ಲ.

ಚರ್ಚಿಗೆ ಕಾಲಿಟ್ಟರೆ ಅಳು ಬರುತ್ತೆ, ಅದಕ್ಕೇ ಬೆಂಗಳೂರಿನಲ್ಲಿ ಹೋಗುತ್ತಿಲ್ಲ ಅಂತ ನೀನು ಅಂದಿದ್ದೆ. ಅಳು ಬಂದರೆ ಅಳು. ಹಿಂದಿನ ಬೆಂಚಿನಲ್ಲಿ ಕೂತು ಅಳು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ರೂಮಿನಲ್ಲಿ ಒಬ್ಬಳೇ ಕೂತು ಅವಳ ವಾಯ್ಸ್ ಮೆಸೇಜ್ ಕೇಳುತ್ತಾ ರಾತ್ರಿ ಕಳೆಯುವುದು ಬೇಡ ಮಗಳೇ. ಯಾರಾದರೂ ಜನರ ನಡುವೆ ಹೋಗು.

ಮಾತಾಡುವ ದಿನ ಮೊಬೈಲ್ ನೋಡಿ ಓದಬೇಡ. ಪರಮಪ್ರಸಾದ ಆದ ಮೇಲೆ ಸಿಗುವುದು ಐದು ನಿಮಿಷ, ಎರಡು ಸಂಗತಿ ಹೇಳಿದರೆ ಸಾಕು. ಜನ ನಕ್ಕರೆ ಗಾಬರಿಯಾಗಬೇಡ, ನಗಲಿ. ಮುಂಚೆ ಒಂದು ಸಲ ಪಕ್ಕದ ಮನೆ ಅಜ್ಜಿಗೆ ಫೋನ್ ಮಾಡು. ಅವರಿಗೆ ಗೊತ್ತಿರುವುದು ನಮಗ್ಯಾರಿಗೂ ಗೊತ್ತಿಲ್ಲ, ಕಿವಿ ಮಂದ, ಸ್ವಲ್ಪ ಜೋರಾಗಿ ಮಾತಾಡು. ನವೆಂಬರ್ 2, ಸತ್ತವರ ಹಬ್ಬಕ್ಕೂ ರಜೆ ಹಾಕಿಕೊಂಡೇ ಬಾ. ಹಿಂದಿನ ದಿನ ಸಮಾಧಿ ತೊಳೆದು ಸೇವಂತಿಗೆ ಹಾಕೋಣ, ಮೇಣದಬತ್ತಿ ನಾನು ತಂದಿಡುತ್ತೇನೆ.

ಅವಳ ಕಾರ್ಡಿಗೆ ಯಾವ ಫೋಟೋ ಹಾಕಬೇಕು ಅಂತ ಇನ್ನೂ ಜಗಳ ನಡೀತಿದೆ. ನಿನ್ನ ಮಾವನಿಗೆ ಸ್ಟುಡಿಯೋದಲ್ಲಿ ಬಾಯಿ ಮುಚ್ಚಿ ಕೂತಿರುವುದೇ ಬೇಕಂತೆ. ನನಗೆ ಬೇಕಾಗಿರುವುದು ಕ್ರಿಸ್‌ಮಸ್‌ಗೆ ಕಜ್ಜಾಯ ತಟ್ಟುವಾಗ ನೀನು ತೆಗೆದದ್ದು, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕೈಗೆಲ್ಲ ಹಿಟ್ಟು. ಅದು ನಿನ್ನ ಹತ್ತಿರ ಮಾತ್ರ ಇದೆ. ಶನಿವಾರದೊಳಗೆ ಪ್ರೆಸ್‌ನವರಿಗೆ ಕೊಡಬೇಕು, ಇವತ್ತೇ ಕಳಿಸು. ಮಾವನಿಗೆ ನಾನು ಹೇಳಿಕೊಳ್ಳುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ
ಹಾಸನ