ಮರ ಬಿದ್ದರೆ ಬೀಳಲಿ ಬಿಡೋ ರಘು

ಲೋ ರಘು,

ಮಗಳು ಹಠ ಹಿಡಿದು ಕ್ರಿಸ್‌ಮಸ್ ಟ್ರೀ ತರಿಸಿದ್ದಾಳೆ, ಬೆಕ್ಕು ಚಿನ್ನಿ ಆಗಲೇ ಅದರ ಬುಡದಲ್ಲಿ ಹೊಂಚು ಹಾಕಿ ಕೂತಿದೆ, ನಾಯಿ ಬ್ರೂನೋ ಬೇರೆ ಕಾಲೆತ್ತೋಕೆ ನೋಡ್ತಾನೆ, ಏನೋ ಮಾಡಲಿ ಅಂತ ಬರೆದಿದ್ದೀಯ. ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ ಮುಗಿಸೋ ವಿಷಯ ಅಲ್ಲ ಇದು. ಲಿಂಗರಾಜಪುರದ ನಮ್ಮ ಮನೆಯಲ್ಲಿ ಬೆಕ್ಕಿಲ್ಲದ ಕ್ರಿಸ್‌ಮಸ್ ಆದದ್ದೇ ನನಗೆ ನೆನಪಿಲ್ಲ. ಬೇರೆ ಯಾವುದರಲ್ಲಿ ಅಲ್ಲದಿದ್ದರೂ ಇದರಲ್ಲಿ ನನ್ನ ಮಾತು ಕೇಳು.

ಮರ ಬೀಳದ ಹಾಗೆ ಏನು ಮಾಡಬೇಕು ಅನ್ನೋದೇ ನಿನ್ನ ಚಿಂತೆ. ಬಿದ್ದರೆ ಎತ್ತಿ ನಿಲ್ಲಿಸಿದರಾಯ್ತು, ಶಿವಾಜಿನಗರದಲ್ಲಿ ಚೌಕಾಸಿ ಮಾಡಿ ತಂದ ಪ್ಲಾಸ್ಟಿಕ್ ಮರ ತಾನೆ? ನಾನು ಹೆದರೋದು ಅದಕ್ಕೆ ಸುತ್ತುವ ಮಿಂಚಿನ ಹಾರಕ್ಕೆ. ಗಣೇಶನ ಮಂಟಪಕ್ಕೂ ಕಟ್ಟುತ್ತೀರಲ್ಲ, ಜರಿಜರಿಯಾಗಿ ಉದುರೋದು, ಅದೇ. ಚಿನ್ನಿ ಕೈ ನೆಕ್ಕಿದಾಗ ತರಚಿದ ಹಾಗಾಗುತ್ತೆ ಅಂತ ನಿನ್ನ ಮಗಳು ನಗುತ್ತಿದ್ದಳಲ್ಲ? ಬೆಕ್ಕಿನ ನಾಲಿಗೆ ಮೇಲಿನ ಆ ಸಣ್ಣ ಮುಳ್ಳುಗಳೆಲ್ಲ ಗಂಟಲ ಕಡೆಗೇ ಬಾಗಿವೆ. ಬಾಯಿಗೆ ಸಿಕ್ಕ ಎಳೆಯನ್ನು ಉಗುಳೋಣ ಅಂದರೂ ಅದಕ್ಕೆ ಕಷ್ಟ, ಒಳಗೊಳಗೇ ಹೋಗುತ್ತೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತೋ, ಮಿಕ್ಕಿದ್ದನ್ನು ಕರುಳು ಮುಂದೆ ತಳ್ಳುತ್ತಲೇ ಇರುತ್ತೆ. ಆಗ ಕರುಳು ಲಾಡಿ ಎಳೆದ ಪೈಜಾಮದ ಹಾಗೆ ನೆರಿಗೆ ಕಟ್ಟುತ್ತೆ, ಬಿಗಿದ ಎಳೆ ಅದನ್ನೇ ಕೊಯ್ಯುತ್ತೆ. ಆಮೇಲೆ ಆಪರೇಷನ್ನೇ ಗತಿ. ಬಾಯಿಂದಲೋ ಹಿಂದಿನಿಂದಲೋ ಎಳೆ ನೇತಾಡೋದು ಕಂಡರೆ ದಯವಿಟ್ಟು ಎಳೆಯಬೇಡ, ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡು. ಎಳೆ ಕಾಣದೇ ಇದ್ದರೂ, ವಾಂತಿ ಮಾಡಿ ಊಟ ಬಿಟ್ಟು ಮೂಲೆ ಸೇರಿದರೆ ನಾಳೆ ನೋಡೋಣ ಅನ್ನಬೇಡ. ನಿನ್ನ ಡಾಕ್ಟರು ಇಪ್ಪತ್ತೈದಕ್ಕೆ ಬಾಗಿಲು ತೆಗೀತಾರಾ ಅಂತ ಈಗಲೇ ಕೇಳಿಟ್ಟುಕೋ.

ಹಾಗಾಗಿ ಹಾರ, ರಿಬ್ಬನ್ನು, ಗಾಜಿನ ಗುಂಡು, ಹಿಮ ಅಂತ ಉದುರಿಸೋ ಹತ್ತಿ, ಇವೆಲ್ಲ ಡಬ್ಬದಲ್ಲೇ ಇರಲಿ. ಚನ್ನಪಟ್ಟಣದ ಪುಟ್ಟ ಮರದ ಗೊಂಬೆಗಳನ್ನು ಕಟ್ಟು, ನೋಡೋಕೂ ಲಕ್ಷಣ. ಆದರೆ ತೂಗಾಡದ ಹಾಗೆ ರೆಂಬೆಗೇ ಬಿಗಿಯಬೇಕು. ಬೆಕ್ಕಿಗೆ ತೂಗಾಡಿದ್ದೆಲ್ಲ ಬೇಟೆ. ಅದರ ಕಣ್ಣ ಪಾಪೆ ಅಗಲವಾಗಿ, ಹಿಂಭಾಗ ಅತ್ತಿತ್ತ ಅಲುಗೋಕೆ ಶುರುವಾಯಿತು ಅಂದರೆ ನೀನು ಅಡುಗೆಮನೆಯಿಂದ ಕೂಗಿ ಏನೂ ಪ್ರಯೋಜನವಿಲ್ಲ. ಕೆಳಗಿನ ಎರಡಡಿ ಬೋಳಾಗಿಯೇ ಬಿಡು. ಮಗಳು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಮರವನ್ನು ಸೋಫಾ, ಟೀವಿ ಸ್ಟ್ಯಾಂಡ್ ಹತ್ತಿರ ಇಡಬೇಡ, ಅವೇ ಚಿನ್ನಿಗೆ ಹಾರೋ ಮೆಟ್ಟಿಲು. ಗಾಳದ ನೈಲಾನ್ ದಾರದಲ್ಲಿ ಮರದ ತಲೆಯನ್ನು ಕಿಟಕಿಯ ಗ್ರಿಲ್ಲಿಗೆ ಬಿಗಿದರೆ ನಿನ್ನ ಚಿಂತೆಯೂ ತೀರುತ್ತೆ. ಅಲಂಕಾರ ಏನೂ ಕಟ್ಟದೆ ಕೆಲವು ದಿನ ಹಾಗೇ ನಿಲ್ಲಿಸು. ಮೂಸಿ ಮೂಸಿ ಅದಕ್ಕೇ ಬೇಜಾರಾಗಲಿ. ಸೀರಿಯಲ್ ಸೆಟ್ಟಿನ ವೈರು ಬ್ರೂನೋ ಬಾಯಿಗೆ ಸಿಗದ ಹಾಗೆ ಪಿವಿಸಿ ಪೈಪಿನೊಳಗೆ ತೂರಿಸು, ಮಲಗುವಾಗ ಪ್ಲಗ್ ಕಿತ್ತಿಡು.

ಬುಡದಲ್ಲಿ ಕಿತ್ತಳೆ ಸಿಪ್ಪೆ ಹಾಕಿದರೆ ಬೆಕ್ಕು ಬರಲ್ಲ ಅಂತಾರೆ. ಬಹಳಷ್ಟು ಬೆಕ್ಕಿಗೆ ಆ ವಾಸನೆ ಆಗಲ್ಲ ನಿಜ, ನಮ್ಮ ಕರಿಯ ಮಾತ್ರ ಸಿಪ್ಪೆಯನ್ನೇ ಚೆಂಡು ಮಾಡಿಕೊಂಡು ಆಡುತ್ತಾನೆ. ಆದರೆ ಯಾರಾದರೂ ನುಸಿಗುಳಿಗೆ ಇಡು, ನೀಲಗಿರಿ ಎಣ್ಣೆ ಚಿಮುಕಿಸು ಅಂದರೆ ಕೇಳಬೇಡ. ಎರಡೂ ಬೆಕ್ಕಿಗೆ ವಿಷ.

ಮುಂದಿನ ವರ್ಷ ನಿಜವಾದ ಗಿಡವನ್ನೇ ತರೋಣ ಅನಿಸಿದರೆ ನರ್ಸರಿಯಲ್ಲಿ ಅರೌಕೇರಿಯ ಸಿಗುತ್ತೆ. ಲಾಲ್‌ಬಾಗ್‌ನಲ್ಲಿ ಮುಗಿಲೆತ್ತರ ನಿಂತಿದೆಯಲ್ಲ, ಅದರ ಮರಿ. ಕುಂಡ ಭಾರ, ಅಷ್ಟು ಸುಲಭಕ್ಕೆ ಉರುಳಲ್ಲ. ಆದರೆ ಮಣ್ಣು ಕಂಡರೆ ಚಿನ್ನಿ ಅದನ್ನು ಕಕ್ಕಸು ಅಂದುಕೊಳ್ಳುತ್ತೆ, ಮೇಲೆ ದಪ್ಪ ಬೆಣಚುಕಲ್ಲು ಹರಡಬೇಕು.

ನಮ್ಮಲ್ಲಿ ಮರಕ್ಕಿಂತ ಜಗಳ ಗೋದಲಿಯದು, ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ ಇಡುತ್ತೇವಲ್ಲ, ಅದು. ಹುಲ್ಲುಗಾವಲು ಕಾಣಲಿ ಅಂತ ಅಮ್ಮ ಡಿಸೆಂಬರ್ ಶುರುವಿನಲ್ಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುತ್ತಾರೆ. ಬೆರಳುದ್ದ ಬರುವಷ್ಟರಲ್ಲಿ ಕರಿಯ ಅದರ ತುದಿಯನ್ನೆಲ್ಲ ಮೇಯ್ದಿರುತ್ತಾನೆ. ಈಗ ಅವನಿಗೆ ಅಂತಲೇ ಬೇರೆ ತಟ್ಟೆಯಲ್ಲಿ ಗೋಧಿ ಹಾಕಿಡುತ್ತೇವೆ. ಗೋದಲಿಯ ಹುಲ್ಲಿನ ಮೇಲೆ ಮಲಗೋದನ್ನು ಮಾತ್ರ ಬಿಟ್ಟಿಲ್ಲ. ದನ, ಕುರಿ ಇದ್ದಲ್ಲಿ ಒಂದು ಬೆಕ್ಕೂ ಇದ್ದಿರಬಹುದು ಅಂತ ಅಮ್ಮ ಸುಮ್ಮನಾಗಿದ್ದಾರೆ. ನೀನೂ ಚಿನ್ನಿಗೆ ಒಂದು ತಟ್ಟೆ ಗೋಧಿ ಹಾಕು, ಒಂದು ಹಳೇ ರಟ್ಟಿನ ಪೆಟ್ಟಿಗೆಯನ್ನೂ ಪಕ್ಕದಲ್ಲಿಡು. ಮರ ಮರೆತೇ ಹೋದೀತು.

ಇಪ್ಪತ್ನಾಲ್ಕಕ್ಕೆ ಕಲ್ಕಲ್, ರೋಸ್ ಕುಕ್ಕೀಸ್, ಪ್ಲಮ್ ಕೇಕ್ ಕಳಿಸ್ತೀನಿ. ಕೇಕಿನ ಡಬ್ಬವನ್ನು ಮರದ ಕೆಳಗೆ ಉಡುಗೊರೆ ಥರ ಜೋಡಿಸಿಡಬೇಡ ಮತ್ತೆ. ಅದರಲ್ಲಿ ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿ ಇರುತ್ತೆ, ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸುತ್ತೆ, ಎಷ್ಟು ತಿಂದರೆ ಅಪಾಯ ಅನ್ನೋ ಲೆಕ್ಕ ಒಂದೊಂದು ನಾಯಿಗೆ ಒಂದೊಂದು ಥರ. ಚಾಕೊಲೇಟೂ ನಾಯಿಗೆ ವಿಷವೇ. ಬ್ರೂನೋಗೆ ಅಂತ ಬೇರೆ ಬೇಯಿಸಿದ ಕೋಳಿ ಕಳಿಸ್ತೀನಿ, ಉಪ್ಪು ಹಾಕಿರಲ್ಲ, ನೀನು ತಿಂದುಬಿಡಬೇಡ.

ನಿನ್ನ,
ಅಂತೋಣಿ