ಬೀಳ್ಕೊಡುಗೆ ಆಯ್ತು, ಚಾರ್ಜ್ ಕೊಟ್ಟವರು ಯಾರು?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಚರ್ಚುಗಳಲ್ಲಿ ವರ್ಗಾವಣೆಯ ಕಾಲ. ಸಭಾಪಾಲಕರ (ಪಾದ್ರಿಗಳ) ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಜೂನ್‌ಗೆ ಹೊಸ ಊರಿನ ಶಾಲೆಗೆ ಹಾಕಬಹುದು ಎಂಬ ಲೆಕ್ಕ. ಅದೇ ಹೊತ್ತಿಗೆ ಪತ್ರಿಕೆಯಲ್ಲಿ ಒಮ್ಮೊಮ್ಮೆ ಒಂದು ಫೋಟೊ ಬರುತ್ತದೆ. ಚರ್ಚ್ ಗೇಟಿನ ಮುಂದೆ ಫಲಕ ಹಿಡಿದು ನಿಂತ ಜನ, ಕೆಳಗೆ ‘ವರ್ಗಾವಣೆ ರದ್ದತಿಗೆ ಆಗ್ರಹ’. ಕೆಲವು ಸಲ ಇದರ ಉಲ್ಟಾ: ‘ಇವರು ನಮಗೆ ಬೇಡ’.

ನಾನು ಧಾರವಾಡ ಜಿಲ್ಲೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಸಭೆ ಎಂದರೆ ನಮ್ಮಲ್ಲಿ ಒಂದು ಚರ್ಚಿಗೆ ಸೇರಿದ ಜನ. ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದೆ. ಸಭೆಯ ಸಮಿತಿಯಲ್ಲಿ ಕಾರ್ಯದರ್ಶಿ ಕೆಲಸವನ್ನೂ ಮಾಡಿದ್ದೇನೆ. ಹಾಗಾಗಿ ಈ ಜಗಳದ ಎರಡೂ ಕಡೆಯವರ ಮಾತು ನನಗೆ ಗೊತ್ತು. ಆದರೆ ಫೋಟೊದಲ್ಲಿ ಬಾರದ ಒಂದು ತೊಂದರೆ ಇದೆ: ಹೋಗುವವರು ಬರುವವರಿಗೆ ಸಭೆಯ ಕೆಲಸವನ್ನು ಸರಿಯಾಗಿ ಒಪ್ಪಿಸದೇ ಹೋಗುವುದು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ವರ್ಗಾವಣೆ ನಮಗೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ನಿಘಂಟಿನ ಕಿಟೆಲ್ ಸಾಹೇಬರನ್ನೂ ಮಿಷನ್ ಒಂದೇ ಕಡೆ ಕೂರಿಸಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಸುತ್ತಿಸಿತು. ಮೊದಲನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಆ ಮಿಷನ್‌ನ ಜರ್ಮನ್ ಪಾದ್ರಿಗಳನ್ನು ಶತ್ರು ದೇಶದವರೆಂದು ಶಿಬಿರದಲ್ಲಿ ಇಟ್ಟಿತು, ಆಮೇಲೆ ಅವರ ದೇಶಕ್ಕೆ ಕಳಿಸಿತು. ಆಗ ಸಭೆಗಳ ಭಾರ ಹೆಚ್ಚಾಗಿ ಬಿದ್ದದ್ದು ಇಲ್ಲಿನ ಪಾದ್ರಿಗಳು, ಉಪದೇಶಿಗಳು (ಪಾದ್ರಿಗಳಿಗೆ ನೆರವಾಗುವ ಬೋಧಕರು), ಹಿರಿಯರ ಮೇಲೆ. ಸಭೆಗಳು ಉಳಿದವು. ನನ್ನ ತಂಗಿಯನ್ನು ಬೀದರ್ ಕಡೆ ಮೆಥಡಿಸ್ಟ್ ಎಂಬ ಇನ್ನೊಂದು ಪಂಥದ ಮನೆತನಕ್ಕೆ ಕೊಟ್ಟಿದೆ. ಅವರಲ್ಲಿ ವಾರ್ಷಿಕ ಕಾನ್ಫರೆನ್ಸ್ ಮುಗಿಯುವಾಗ ಬಿಷಪ್ ಹೆಸರು ಓದುತ್ತಾರೆ, ಯಾರು ಯಾವ ಊರಿಗೆ ಎಂದು. ಓದಿದ ಮೇಲೆ ಮುಗಿಯಿತು, ಗಂಟು ಕಟ್ಟಬೇಕು. ಹೀಗಿರುವಾಗ ‘ಈ ಅಯ್ಯನವರು ಹೋದರೆ ಸಭೆಯೇ ಒಡೆದು ಹೋಗುತ್ತದೆ’ ಎಂಬ ಮಾತನ್ನು ನಾನು ಹೇಗೆ ನಂಬಲಿ? ಹಿಂದಿನ ಸಲ ರದ್ದತಿ ಅರ್ಜಿ ಮನೆಗೆ ಬಂದಾಗ ನಾನು ಸಹಿ ಹಾಕಲಿಲ್ಲ. ಕೆಲವರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಇರಲಿ.

ಆ ಸಲ ಬದಲಾವಣೆ ನಡೆದ ಬಗೆ ಕೇಳಿ. ಒಂದು ಭಾನುವಾರ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ ಫ್ರೇಮು. ಸ್ತ್ರೀಯರ ಅನ್ಯೋನ್ಯಕೂಟದ ಹಾಡು, ಯುವಜನರ ಹಾಡು, ಸಂಡೇ ಸ್ಕೂಲ್ ಮಕ್ಕಳ ಕುಣಿತ. ಮಾತಾಡಿದ ಪ್ರತಿಯೊಬ್ಬರೂ ಬೈಬಲಿನಲ್ಲಿ ಬರುವ ಕೊರಿಂಥ ಸಭೆಯವರ ಉದಾಹರಣೆ ಕೊಟ್ಟರು. ‘ನಾನು ಪೌಲನವನು, ನಾನು ಅಪೊಲ್ಲೋಸನವನು’ ಎಂದು ಬೋಧಕರ ಹೆಸರಲ್ಲಿ ಜಗಳವಾಡಿ ಬೈಸಿಕೊಂಡವರು ಇದ್ದಾರಲ್ಲ, ಅವರದು. ಭಾಷಣ ಮುಗಿಸಿ ಅಂಗಳಕ್ಕೆ ಬಂದವರೇ ಅದೇ ಜಗಳ ಶುರು ಮಾಡಿದರು. ಬುಧವಾರ ಲಾರಿ ಬಂತು, ಸಾಮಾನು ಹೋಯಿತು. ಮುಂದಿನ ವಾರ ಹೊಸಬರು ಬಂದರು. ಹೋದವರೂ ಬಂದವರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ಬೀಗದ ಕೈ ಗೊಂಚಲು ಖಜಾಂಚಿಯವರ ಮನೆಯಲ್ಲಿತ್ತು. ಯಾವ ಕೈ ಯಾವ ಬೀಗಕ್ಕೆ ಅಂತ ಅವರಿಗೂ ಗೊತ್ತಿರಲಿಲ್ಲ.

ಹೊಸ ಸಭಾಪಾಲಕರು ಮಹಿಳೆ. ಕೆಲವರ ಮುಖ ಅಲ್ಲಿಗೇ ಸಣ್ಣದಾಯಿತು. 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ (ಬಿಷಪ್ ನೋಡಿಕೊಳ್ಳುವ ಪ್ರಾಂತಕ್ಕೆ) ಪುಷ್ಪಲಲಿತಾ ಅವರು ಸಿಎಸ್‌ಐಯ ಮೊದಲ ಮಹಿಳಾ ಬಿಷಪ್ ಆದಾಗ ಇದೇ ಜನ ಹೆಮ್ಮೆಪಟ್ಟಿದ್ದರು. ನಂದ್ಯಾಲ ದೂರ ಇದೆ, ಅಲ್ವಾ?

ನಮ್ಮ ಸಭೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದರು. ಹಿಂದಿನ ಅಯ್ಯನವರು ಪ್ರತಿ ತಿಂಗಳು ಮೊದಲ ಭಾನುವಾರ ಆರಾಧನೆ ಮುಗಿಸಿ ಅವರ ಮನೆಗೆ ಕರ್ತನ ಭೋಜನ (ಪ್ರಸಾದದ ರೊಟ್ಟಿ, ದ್ರಾಕ್ಷಾರಸ) ಒಯ್ಯುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅವರ ತಲೆಯಲ್ಲಿ ಇತ್ತು, ಅವರ ಜೊತೆಗೇ ಲಾರಿ ಹತ್ತಿ ಹೋಯಿತು. ಮೊದಲ ತಿಂಗಳು ಯಾರೂ ಹೋಗಲಿಲ್ಲ, ಎರಡನೇ ತಿಂಗಳೂ ಇಲ್ಲ. ನಾನು ನೋಡಲು ಹೋದಾಗ ಅಜ್ಜಿ ಕೇಳಿದರು: “ಅಕ್ಕೋರ, ಸಭೆಯೊಳಗ ನನ್ನ ಹೆಸರು ಹೊಡೆದು ಹಾಕ್ಯಾರೇನ್ರೀ?” ನಾನು ಆ ಸಂಜೆಯೇ ಹೊಸ ಸಭಾಪಾಲಕರಿಗೆ ಫೋನ್ ಮಾಡಿದೆ. ಅವರು ಮರುದಿನ ಬೆಳಿಗ್ಗೆಯೇ ಹೋಗಿ ಬಂದರು. ಆದರೆ ಅಷ್ಟರಲ್ಲಿ ಮಾತು ಹಬ್ಬಿಯಾಗಿತ್ತು: ‘ಹೆಂಗಸು ನೋಡ್ರಿ, ಮನೆ ಮನೆ ತಿರುಗೋದಿಲ್ಲ.’ ಯಾರೂ ಹೇಳದೇ ಅವರಿಗೆ ಗೊತ್ತಾಗಬೇಕಿತ್ತಂತೆ!

ಇನ್ನು ರಿಜಿಸ್ಟರ್ ಕಥೆ. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರದು. ಚರ್ಚಿನಲ್ಲಿ ಮದುವೆಯಾದರೆ ರಿಜಿಸ್ಟರ್‌ನಲ್ಲಿ ವಧು ವರ, ಮದುವೆ ಮಾಡಿಸಿದ ಪಾದ್ರಿ, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆ ಪುಟವೇ ಮುಂದೆ ಮದುವೆಗೆ ದಾಖಲೆ. ನಮ್ಮ ಸಭೆಯ ಒಬ್ಬಳು ಹುಡುಗಿ ನರ್ಸ್. ಜರ್ಮನಿಯಲ್ಲಿ ಕೆಲಸ ಸಿಕ್ಕಿತ್ತು, ಗಂಡನ ವೀಸಾಕ್ಕೆ ಮದುವೆ ಸರ್ಟಿಫಿಕೇಟಿನ ಪ್ರತಿ ಬೇಕಾಗಿತ್ತು. ಕಪಾಟು ತೆಗೆದರೆ ದೀಕ್ಷಾಸ್ನಾನದ ಪುಸ್ತಕ ಇದೆ, ಸಮಾಧಿಯ ಪುಸ್ತಕ ಇದೆ, ಮದುವೆ ಪುಸ್ತಕ ಇಲ್ಲ. ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ಸಮಿತಿಯ ಒಬ್ಬ ಹಳೇ ಸದಸ್ಯರ ಮನೆಯಲ್ಲಿ. ಯಾವುದೋ ಕಾಲದಲ್ಲಿ ಜೆರಾಕ್ಸ್ ಮಾಡಿಸಲು ಒಯ್ದಿದ್ದರು. ದೀಪಾವಳಿ, ಕ್ರಿಸ್ಮಸ್ ಪಟಾಕಿಯ ಡಬ್ಬದ ಪಕ್ಕದಲ್ಲಿ ಇಟ್ಟಿದ್ದರು! ಹುಡುಗಿಯ ತಾಯಿ ಬೈದದ್ದು ಯಾರಿಗೆ? ಹೊಸ ಸಭಾಪಾಲಕರಿಗೆ.

ಬ್ಯಾಂಕಿನದು ಇನ್ನೊಂದು. ಸಭೆಯ ಖಾತೆಯ ಚೆಕ್ಕಿಗೆ ಸಭಾಪಾಲಕರ ಸಹಿಯೂ ಬೇಕು. ಹೋದವರ ಹೆಸರು ತೆಗೆದು ಬಂದವರ ಹೆಸರು ಸೇರಿಸಲು ಸಮಿತಿಯ ಠರಾವು, ಫೋಟೊ, ಆಧಾರ್, ಪ್ಯಾನ್, ಜೊತೆಗೆ ಮ್ಯಾನೇಜರ್ ರಜೆ. ಅಲ್ಲಿಯವರೆಗೆ ಚೆಕ್ಕು ಹೊರಡುವುದಿಲ್ಲ. ಇದರ ಪೆಟ್ಟು ಬಿದ್ದದ್ದು ನಮ್ಮ ಚರ್ಚ್ ಸೇವಕನಿಗೆ. ಕಸ ಗುಡಿಸುವವನು, ಗಂಟೆ ಹೊಡೆಯುವವನು, ಸಮಾಧಿ ಜಾಗ ತೋರಿಸುವವನು ಎಲ್ಲ ಅವನೇ. ಕೊಡುವ ಸಂಬಳ ಹೇಳಿದರೆ ನಮಗೇ ನಾಚಿಕೆ. ಅದೂ ನಿಂತಿತು. ಅವನು ಹುಬ್ಬಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಕೆಲಸ ಹಿಡಿದ. ಅವನಿಗೆ ಶಾಲು ಇಲ್ಲ, ಹಾರ ಇಲ್ಲ, ಒಂದು ಸಾಲಿನ ಪ್ರಕಟಣೆ ಕೂಡ ಇಲ್ಲ. ಅವನ ಜಾಗಕ್ಕೆ ಬಂದ ಹುಡುಗನಿಗೆ ಗಂಟೆ ಹೊಡೆಯುವ ಕ್ರಮ ಯಾರೂ ಹೇಳಿಕೊಡಲಿಲ್ಲ. ಒಬ್ಬ ಹಿರಿಯರು ತೀರಿಕೊಂಡ ದಿನ ಅವನು ಆರಾಧನೆಗೆ ಕರೆಯುವ ಹಾಗೆ ಜೋರಾಗಿ ಬಾರಿಸಿದ. ಸಾವಿನ ಗಂಟೆ ಬಿಟ್ಟು ಬಿಟ್ಟು ಒಂದೊಂದೇ ಹೊಡೆಯಬೇಕು. ಬೈಬಲ್ ಹಿಡಿದು ಓಡಿ ಬಂದ ಅಕ್ಕಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಏನೂ ತಿಳಿಯದೆ ಒಬ್ಬರನ್ನೊಬ್ಬರು ನೋಡಿಕೊಂಡರು.

ವಾಟ್ಸ್‌ಆ್ಯಪ್ ಬಂದ ಮೇಲೆ ಹೋದವರು ಹೋಗಿರುವುದೇ ಇಲ್ಲ. ಹಳೇ ಅಯ್ಯನವರು ಗುಂಪಿನಲ್ಲಿ ಹಾಗೇ ಉಳಿದಿರುತ್ತಾರೆ, ಬೆಳಿಗ್ಗೆ ಬೈಬಲ್ ವಚನ ಹಾಕುತ್ತಾರೆ. ಮಗಳ ಮದುವೆಗೆ, ಮೊಮ್ಮಗನ ದೀಕ್ಷಾಸ್ನಾನಕ್ಕೆ ನಮ್ಮವರು ಸೀದಾ ಅವರಿಗೇ ಫೋನ್ ಮಾಡುತ್ತಾರೆ. ಪ್ರೀತಿ ಇದೆ, ಸರಿ. ಆದರೆ ಪ್ರತಿ ಮದುವೆಗೂ ಹಳಬರೇ ಬಂದರೆ ಹೊಸಬರು ಯಾವಾಗ ನಮ್ಮವರಾಗುವುದು? ಕರೆಯುವುದಾದರೆ ಈಗಿನ ಸಭಾಪಾಲಕರ ಮೂಲಕ ಕರೆಯಿರಿ. ಹೋದವರೂ ‘ಅವರನ್ನು ಕೇಳಿ’ ಎಂದು ಹೇಳಲಿ. ಅಷ್ಟು ಹೇಳಲು ದೊಡ್ಡ ಮನಸ್ಸು ಬೇಕು ಅನ್ನುವುದು ನನಗೂ ಗೊತ್ತು.

ನಾನು ಶಾಲೆಯ ಚಾರ್ಜ್ ಕೊಡುವಾಗ ದಾಖಲಾತಿ ಪುಸ್ತಕದಿಂದ ಹಿಡಿದು ಗ್ಲೋಬು, ನಕಾಶೆ, ಬಿಸಿಯೂಟದ ತಟ್ಟೆ ಲೋಟದವರೆಗೆ ಎಣಿಸಿ ಬರೆದು ಕೊಟ್ಟೆ. ಬಂದವರು ನೋಡಿ ಸಹಿ ಹಾಕಿದರು. ನನಗಿಂತ ಮೊದಲಿನವರು ನನಗೂ ಹಾಗೇ ಕೊಟ್ಟಿದ್ದರು. ಇದು ಸರ್ಕಾರಿ ಕಚೇರಿಯ ಪ್ರತಿ ಗುಮಾಸ್ತನಿಗೂ ಗೊತ್ತಿರುವ ಕೆಲಸ. ಲೋಟಕ್ಕೆ ಸಿಕ್ಕುವ ಮರ್ಯಾದೆ ಹಾಸಿಗೆ ಹಿಡಿದ ಅಜ್ಜಿಗೆ ಯಾಕೆ ಸಿಗಬಾರದು?

ಡಯಾಸಿಸ್ ಕಚೇರಿಗಳಲ್ಲಿ ನನ್ನ ವಿನಂತಿ ಇಷ್ಟೇ. ವರ್ಗಾವಣೆ ಆದೇಶದ ಜೊತೆಗೆ ಚಾರ್ಜ್ ಪಟ್ಟಿಯ ಒಂದು ನಮೂನೆಯನ್ನೂ ಕಳಿಸಿ. ಅದರಲ್ಲಿ ಪುಸ್ತಕಗಳು, ಬೀಗದ ಕೈಗಳು, ಬ್ಯಾಂಕಿನ ಕಾಗದ ಎಲ್ಲ ಇರಲಿ. ಮನೆಯಿಂದ ಹೊರಬರಲಾಗದವರ ಹೆಸರು, ಮನೆಯ ಗುರುತು, ಯಾವಾಗ ಯಾರು ಹೋಗುತ್ತಿದ್ದರು ಎಂಬುದು ಮೊದಲ ಪುಟದಲ್ಲೇ ಇರಲಿ. ಚರ್ಚಿನಲ್ಲಿ ಪ್ರಕಟಣೆ ಓದಿ ಆಗಿದ್ದು ಇನ್ನೂ ನಡೆಯಬೇಕಾದ ಮದುವೆಗಳು, ದೃಢೀಕರಣದ (ಸಭೆಯ ಪೂರ್ಣ ಸದಸ್ಯರಾಗುವ ವಿಧಿಯ) ಪಾಠ ಎಲ್ಲಿಗೆ ನಿಂತಿದೆ ಎಂಬುದೂ ಬೇಕು. ಸಾಧ್ಯವಾದರೆ ಹಳಬರು ಹೊಸಬರು ಒಂದೆರಡು ದಿನ ಜೊತೆಗಿದ್ದು ಮನೆಗಳನ್ನು ಸುತ್ತಲಿ. ಪಾದ್ರಿ ಬಂಗಲೆ ಒಂದೇ ಇರುವುದರಿಂದ ಬಂದವರಿಗೆ ಉಳಿಯಲು ಕಷ್ಟ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಒಂದು ಕೋಣೆ ಸಿಗುವುದಿಲ್ಲವೇ?

ಮತ್ತೆ ಚರ್ಚ್ ಸೇವಕರು, ಉಪದೇಶಿಗಳು, ಕೀಬೋರ್ಡ್ ನುಡಿಸುವ ಹುಡುಗರು. ಇವರು ಬಿಟ್ಟು ಹೋದಾಗ ಆ ಭಾನುವಾರ ಹೆಸರು ಹಿಡಿದು ಪ್ರಾರ್ಥನೆ ಮಾಡಿ. ಬಾಕಿ ಸಂಬಳವನ್ನು ಅವತ್ತೇ ಕೊಡಿ.

ನಮ್ಮಲ್ಲಿ ಈ ಮೇ ತಿಂಗಳು ಮತ್ತೆ ಬದಲಾವಣೆ ಇದೆಯಂತೆ. ಹಿಂದೆ ಬೇಡ ಎಂದವರೇ ಈಗ ‘ಇವರನ್ನು ಕಳಿಸಬೇಡಿ’ ಎಂದು ಅರ್ಜಿ ಬರೆಯುತ್ತಿದ್ದಾರೆ. ನಗು ಬರುತ್ತದೆ, ಖುಷಿಯೂ ಆಗುತ್ತದೆ. ಈ ಸಲವೂ ನಾನು ಸಹಿ ಹಾಕುವುದಿಲ್ಲ. ಭಾಷಣ ಮಾಡುವವರ ಪಟ್ಟಿ ಮಾಡುವ ಮೊದಲು ಸಮಿತಿಯವರು ಚಾರ್ಜ್ ಪಟ್ಟಿ ಶುರು ಮಾಡಲಿ. ಮನೆಗಳನ್ನು ತೋರಿಸಲು ನಾನೇ ಜೊತೆಗೆ ಬರುತ್ತೇನೆ. ಮೊಣಕಾಲು ಮಾತು ಕೇಳುವುದಿಲ್ಲ, ಒಂದು ಆಟೊ ಮಾಡಿಸಿದರೆ ಸಾಕು.

ನಿವೃತ್ತ ಮುಖ್ಯ ಶಿಕ್ಷಕಿ, ಧಾರವಾಡ ಜಿಲ್ಲೆ
(ದಯವಿಟ್ಟು ಹೆಸರು ಹಾಕಬೇಡಿ. ನಮ್ಮವರಿಗೆ ಹೇಗೂ ಗೊತ್ತಾಗುತ್ತದೆ.)