ಅಜ್ಜಿಯ ಮನೆಗೆ ಬೀಗ ಹಾಕದಿದ್ದುದು ಏಕೆ: ಮಗಳಿಗೊಂದು ಪತ್ರ

ಮಡಿಕೇರಿ
ಮೇ ತಿಂಗಳು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಅಜ್ಜಿ ತೀರಿಕೊಂಡ ಮೇಲೆ ಅವರ ಮನೆಯಿಂದ ಒಂದು ಸಾಮಾನನ್ನೂ ಕದಲಿಸದೆ, ಎಲ್ಲವನ್ನೂ ಇದ್ದ ಹಾಗೆಯೇ ಬಿಟ್ಟು ಬೀಗ ಹಾಕಿಡಬೇಕೆಂದು ನೀನು ಕೇಳಿಕೊಂಡಿದ್ದೆ. ಫೋನಿನಲ್ಲಿ ಅದಕ್ಕೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಇಬ್ಬರ ಮಾತೂ ಅಳುವಿನಲ್ಲಿ ನಿಂತುಹೋಯಿತು. ನಾನೂ ನಿನ್ನ ಮಾವನೂ ಸೇರಿ ಮನೆಯನ್ನು ಖಾಲಿ ಮಾಡಿದ್ದೇವೆ. ಏಕೆ ಮಾಡಿದೆವು, ಯಾವುದು ಎಲ್ಲಿಗೆ ಹೋಯಿತು ಎಂಬುದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಶಾಂತಳ್ಳಿ ಕಡೆಯ ಮಳೆಯಲ್ಲಿ ಬೀಗ ಹಾಕಿದ ಮನೆ ಉಳಿಯುವುದಿಲ್ಲ, ಮಗಳೇ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದ ಆ ಊರಿನಲ್ಲಿ, ಮಂಗಗಳ ಓಡಾಟಕ್ಕೋ ಸಿಲ್ವರ್ ಮರದ ಕೊಂಬೆ ಬಿದ್ದೋ ಒಂದು ಹೆಂಚು ಸರಿದರೆ ಸಾಕು, ಆ ಸಂದಿನಿಂದ ಇಳಿಯುವ ನೀರು ರೀಪು, ಪಕಾಸಿಗಳನ್ನು ನೆನೆಸಿ, ಮಣ್ಣಿನ ಗೋಡೆಯೊಳಕ್ಕೆ ಹೊಕ್ಕು, ನೋಡುವವರಿಲ್ಲದೆ ಒಂದೇ ಮಳೆಗಾಲದಲ್ಲಿ ಮನೆಯ ಒಂದು ಮೂಲೆಯನ್ನೇ ಕೂರಿಸಿಬಿಡುತ್ತದೆ. ಇಷ್ಟು ವರ್ಷ ಆ ಮಾಡನ್ನು ಕಾಪಾಡಿದ್ದು ಅಜ್ಜಿಯ ಒಲೆ. ಗ್ಯಾಸ್ ಬಂದ ಮೇಲೂ ಬೆಳಿಗ್ಗೆ ಸೌದೆ ಒಲೆ ಹಚ್ಚುವುದನ್ನು ಅವರು ಬಿಡಲಿಲ್ಲ. ಆ ಹೊಗೆ ಅಟ್ಟವನ್ನು ಹಾದು ಹೆಂಚಿನ ಸಂದುಗಳಿಂದ ಹೊರಗೆ ಹೋಗುವಾಗ ಮರಕ್ಕೆ ಹುಳ ಹಿಡಿಯದಂತೆ, ಬೂಷ್ಟು ಬೆಳೆಯದಂತೆ ತಡೆಯುತ್ತಿತ್ತು. ಆ ಮನೆ ನಿಲ್ಲಬೇಕಾದರೆ ಅಲ್ಲಿ ಒಲೆ ಉರಿಯಬೇಕು. ಒಲೆ ಉರಿಯಬೇಕಾದರೆ ಒಂದು ಸಂಸಾರ ಇರಬೇಕು, ಅವರ ಪಾತ್ರೆ ಪಡಗಗಳಿಗೆ ಜಾಗವಿರಬೇಕು. ನಾವು ಖಾಲಿ ಮಾಡಿದ್ದು ಈ ಕಾರಣಕ್ಕೆ.

ಹೋಂಸ್ಟೇ ಮಾಡಿದರೆ ಒಳ್ಳೆಯ ವರಮಾನವಿದೆ ಎಂದು ಕೆಲವರು ಮಾವನಿಗೆ ಹೇಳಿದರು. ಶನಿವಾರ ಬಂದು ಭಾನುವಾರ ಹೋಗುವವರಿಗೆ ಹೆಂಚು ಸರಿದದ್ದು ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಮಾವನೂ ಒಪ್ಪಿದ. ಊರಿನ ಶಾಲೆಗೆ ವರ್ಗವಾಗಿ ಬಂದಿರುವ ಮೇಷ್ಟ್ರೊಬ್ಬರ ಸಂಸಾರಕ್ಕೆ ಕೊಟ್ಟಿದ್ದೇವೆ. ಬಾಡಿಗೆ ಕಡಿಮೆ, ಬದಲಿಗೆ ದಿನವೂ ಸೌದೆ ಒಲೆ ಹಚ್ಚಬೇಕು, ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು ಎಂಬ ಮಾತಾಗಿದೆ.

ನಾವು ಮೊದಲು ಕೈ ಹಾಕಿದ್ದು ಕಾಗದಗಳಿಗೆ. ಮನೆಯ ಹಿರಿಯರು ತೀರಿಕೊಂಡಾಗ ಎಲ್ಲರ ಕೈಯೂ ಬಟ್ಟೆಯ ಬೀರುವಿಗೆ ಹೋಗುತ್ತದೆ, ಹಳೆಯ ಕಾಗದಗಳು ಸ್ನಾನದ ಒಲೆಗೆ ಹೋಗುತ್ತವೆ, ಇದು ತಿರುಗುಮುರುಗಾಗಬೇಕು. 21 ದಿನದೊಳಗೆ ಮಾಡಿಸಬೇಕಾದ ಮರಣ ನೋಂದಣಿಯನ್ನು ಮಾವ ಆಗಲೇ ಮಾಡಿಸಿದ್ದ. ಆ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಜಮಾಬಂದಿಗಳನ್ನೆಲ್ಲ ಒಂದು ಕಡತ ಮಾಡಿ, ಜಾಗ ವಾರಸುದಾರರ ಹೆಸರಿಗೆ ಆಗುವ ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದೇವೆ. ಅಜ್ಜನ ಟ್ರಂಕಿನಲ್ಲಿ, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರುವುದಕ್ಕಿಂತ ಹಿಂದಿನ, ಕೂರ್ಗ್ ಎಂದು ಅಚ್ಚಾಗಿರುವ ಕಂದಾಯದ ರಸೀದಿಗಳಿದ್ದವು. ಅವುಗಳ ಕೆಳಗೆ ಕಾಫಿ ಮಂಡಳಿಯ ಚೀಟಿಗಳ ಕಟ್ಟು. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರರು ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವಂತಿರಲಿಲ್ಲ, ಎಲ್ಲರ ಕಾಫಿಯೂ ಒಟ್ಟು ಸೇರುವ ಮಂಡಳಿಯ ಪೂಲಿಗೇ ಹಾಕಬೇಕಾಗಿತ್ತು. ಮಂಡಳಿ ಅದನ್ನು ಹರಾಜು ಹಾಕಿ ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. ಒಂದು ವರ್ಷದ ಬೆಳೆಯ ಕೊನೆಯ ಕಂತು ಮುಂದಿನ ಬೆಳೆ ಕೈಗೆ ಬಂದ ಮೇಲೆ ಸಿಕ್ಕಿದ್ದೂ ಆ ಚೀಟಿಗಳಲ್ಲಿದೆ. ನನ್ನ ಮದುವೆಗೆ ಅಜ್ಜ ಸಾಲ ಮಾಡಿದ್ದು ಏಕೆಂದು ನನಗೆ ಅವುಗಳ ತಾರೀಖು ನೋಡಿದ ಮೇಲೆ ಅರ್ಥವಾಯಿತು. ಅವೆಲ್ಲ ನನ್ನ ಬಳಿ ಇವೆ.

ಕೋವಿ ಮೊದಲೇ ಮಾವನ ಹೆಸರಿಗೆ ಆಗಿತ್ತು, ಅವನ ಮನೆಗೇ ಹೋಯಿತು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಪೂಜೆ ಇನ್ನು ಅಲ್ಲಿ ನಡೆಯುತ್ತದೆ. ಬೀಟೆ ಮಂಚವನ್ನೂ ಅವನೇ ಇಟ್ಟುಕೊಂಡಿದ್ದಾನೆ.

ಅಡುಗೆಮನೆ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಡುಗೆಗೆ ಹುಳಿಯಾಗಿ ಹಾಕುವ ಕಾಚಂಪುಳಿಯ ಸೀಸೆಗಳು ಅಟ್ಟದ ಮೇಲೆ ಸಾಲಾಗಿದ್ದವು, ಒಂದೊಂದರ ಕುತ್ತಿಗೆಗೂ ಇಸವಿ ಬರೆದ ಚೀಟಿ ಕಟ್ಟಿತ್ತು. ಮಳೆಯಲ್ಲಿ ಉದುರಿದ ಹಣ್ಣನ್ನು ಆರಿಸಿ, ಅದು ಕಳಿತು ಬಿಟ್ಟ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಿ ಇಳಿಸುವ ಆ ಕೆಲಸವನ್ನು ಅಜ್ಜಿ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅದು ಕೆಡುವ ವಸ್ತುವಲ್ಲವಾದ್ದರಿಂದ ನಿನ್ನ ಪಾಲನ್ನು ತೆಗೆದಿಟ್ಟು ಉಳಿದದ್ದನ್ನು ತಿಥಿಗೆ ಬಂದ ನೆಂಟರಿಗೆ ಹಂಚಿದೆ. ನೂಲ್‌ಪುಟ್ಟಿನ ಮರದ ಒರಳು ನನ್ನಲ್ಲಿದೆ. ತಾಮ್ರದ ಹಂಡೆಯನ್ನು ಗುಜರಿಯವನು ತೂಕಕ್ಕೆ ಕೇಳಿದ. ಕೊಡಲಿಲ್ಲ, ಅದು ಬಚ್ಚಲಿನಲ್ಲಿ ಹೂತ ಜಾಗದಲ್ಲಿಯೇ ಇದೆ, ಮೇಷ್ಟ್ರ ಮಕ್ಕಳಿಗೆ ಬಿಸಿನೀರಾಗುತ್ತದೆ.

ಕೊನೆಯ ತಿಂಗಳುಗಳಲ್ಲಿ ಅಜ್ಜಿಯ ಮೈ ಒರೆಸಿ, ಊಟ ಮಾಡಿಸಿದ, ತೋಟದ ಕೆಲಸದವರ ಲೈನ್ ಮನೆಯ ಅಕ್ಕನಿಗೆ, ಬೇಕಾದುದನ್ನು ಮೊದಲು ನೀವು ಆರಿಸಿಕೊಳ್ಳಿ ಎಂದೆ. ರೇಷ್ಮೆ ಸೀರೆಗಳ ಕಡೆ ಅವರು ನೋಡಲಿಲ್ಲ. ಅಜ್ಜಿಯ ಉಣ್ಣೆಯ ಶಾಲನ್ನೂ ಗೋಡೆಗೆ ತೂಗುಹಾಕಿದ್ದ, ಮಳೆಗೆ ಹೊದೆಯುವ ಗೊರಬೆಯನ್ನೂ ಕೇಳಿದರು. ಈಗ ಗದ್ದೆಗೆ ಇಳಿಯುವವರೆಲ್ಲ ಪ್ಲಾಸ್ಟಿಕ್ ಹೊದೆಯುತ್ತಾರೆ, ಗೊರಬೆ ಕಟ್ಟುವವರೂ ಸಿಗುವುದಿಲ್ಲ. ಇಬ್ಬರೂ ಒಟ್ಟಿಗೆ ನಾಟಿ ಮಾಡಿದ ವರ್ಷಗಳು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಮನೆಯವರಿಗೆ ಎಂದು ಮೊದಲು ತೆಗೆದಿಟ್ಟು, ಸೇವೆ ಮಾಡಿದವರಿಗೆ ಮಿಕ್ಕಿದ್ದನ್ನು ಕೊಡುವ ಪದ್ಧತಿ ನನಗೆ ಎಂದೂ ಸರಿ ಕಂಡಿಲ್ಲ.

ಇನ್ನು ಮಳೆ ಪುಸ್ತಕಗಳು. ಅಂಗಳದ ಮಳೆಮಾಪಕದ ಲೆಕ್ಕವನ್ನು ಇಂಚು, ಇಂಚಿನ ನೂರರಲ್ಲೊಂದಾದ ಸೆಂಟುಗಳಲ್ಲಿ ಬರೆಯುತ್ತಿದ್ದವರು ಮೊದಲು ಅಜ್ಜ, ಅವರ ನಂತರ ಅಜ್ಜಿ. ಬೇರೇನನ್ನು ಬಿಟ್ಟರೂ ಇವನ್ನು ಬಿಡಬಾರದೆಂದು ನಾನು ಹಟ ಹಿಡಿದೆ. ಅರೇಬಿಕಾಕ್ಕೆ ಮಾರ್ಚ್, ಏಪ್ರಿಲ್‌ನಲ್ಲಿ ಸುಮಾರು ಒಂದು ಇಂಚು ಹೂಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಯಾವ ವರ್ಷ ಯಾವ ದಿನ ಆ ಮಳೆ ಬಿತ್ತು, ಹೂವು ಎಂದು ಅರಳಿತು, ಕೊಯ್ಲು ಎಂದು ಮುಗಿಯಿತು ಎಲ್ಲವೂ ಅವುಗಳಲ್ಲಿದೆ. ಅಜ್ಜ ತೀರಿಕೊಂಡ ದಿನದ ಸಾಲು ಖಾಲಿಯಿದೆ. ಮರುದಿನದ ಸಾಲಿನಲ್ಲಿ ಅಜ್ಜಿಯ ಕೈಬರಹದಲ್ಲಿ ಒಂದು ಅಂಕಿ, ಪಕ್ಕದಲ್ಲಿ ‘ಎರಡು ದಿನದ್ದು’ ಎಂದಿದೆ. ಅಲ್ಲಿಂದ ಮುಂದೆ ಪೂರ್ತಿ ಅವರದೇ ಅಕ್ಷರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಗಳು ಜರಿದ ವಾರ, ಕರೆಂಟಿಲ್ಲದೆ ಫೋನ್ ಸಿಗದೆ ನಾವಿಲ್ಲಿ ಮಡಿಕೇರಿಯಲ್ಲಿ ತಲ್ಲಣಿಸುತ್ತಿದ್ದಾಗ, ಅವರು ಒಂದೇ ದಿನ ಮತ್ತೆ ಮತ್ತೆ ಹೊರಗೆ ಹೋಗಿ, ತುಂಬಿದ ಮಾಪಕವನ್ನು ಅಳೆದು ಚೆಲ್ಲಿ, ಪ್ರತಿ ಸಲದ ಅಂಕಿಯನ್ನೂ ಬರೆದು ಕೊನೆಗೆ ಕೂಡಿಸಿದ್ದಾರೆ. ಆ ಹಾಳೆ ನೆನೆದು ಶಾಯಿ ಹರಡಿದೆ, ಆದರೆ ಕೂಡಿಸಿದ್ದರಲ್ಲಿ ಎಲ್ಲಿಯೂ ತಪ್ಪಿಲ್ಲ. ಅಜ್ಜಿ ಹೇಗಿದ್ದರು ಎಂದು ನಿನ್ನ ಮಕ್ಕಳಿಗೆ ನಾನು ಏನನ್ನಾದರೂ ತೋರಿಸಬೇಕಾದರೆ ಆ ಹಾಳೆಯನ್ನೇ ತೋರಿಸುತ್ತೇನೆ.

ಬೂಷ್ಟು ಹಿಡಿಯುವ ಮೊದಲು ಪುಸ್ತಕಗಳ ಪ್ರತಿ ಹಾಳೆಯ ಫೋಟೋ ತೆಗೆಯಬೇಕು. ನನ್ನ ಕೈ ನಡುಗುತ್ತದೆ, ಅಕ್ಷರ ಸರಿಯಾಗಿ ಬರುವುದಿಲ್ಲ. ಆ ಕೆಲಸವನ್ನು ನೀನು ಬಂದು ಮಾಡಬೇಕು.

ಹಿತ್ತಿಲಿನ ಮದ್ದುಸೊಪ್ಪಿನ ಗಿಡದಿಂದ ಕಡ್ಡಿ ತಂದು ಇಲ್ಲಿ ನೆಟ್ಟಿದ್ದೇನೆ, ಚಿಗುರಿದೆ. ಈ ವರ್ಷ ಕೊಡಗಿನ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಆ ದಿನ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆ ಸಾಕಾಗುವಷ್ಟು ಸೊಪ್ಪು ಬಾರದು. ಅಜ್ಜಿಯ ಗಿಡದಿಂದಲೇ ಕೊಯ್ದುಕೊಳ್ಳಿ ಎಂದು ಮೇಷ್ಟ್ರ ಹೆಂಡತಿ ಹೇಳಿದ್ದಾರೆ.

ಮೆಟ್ಟಿಲ ಕೆಳಗಿನ ನಿನ್ನ ಹಸಿರು ಪೆಟ್ಟಿಗೆಯನ್ನು ನಾನು ತೆರೆದು ನೋಡಿಲ್ಲ. ರಜೆಗೆ ಬಂದಾಗ ನೀನು ಅದರಲ್ಲಿ ಏನು ಇಡುತ್ತಿದ್ದೆ ಎಂಬುದು ನಿನಗೂ ಅಜ್ಜಿಗೂ ಗೊತ್ತಿದ್ದ ವಿಷಯ. ಅದೀಗ ನಮ್ಮ ಮನೆಯ ಅಟ್ಟದಲ್ಲಿದೆ, ಬೀಗದ ಕೈ ನಿನ್ನ ಬಳಿಯೇ ಇರಬೇಕು. ಜೂನ್ ಮೊದಲ ವಾರಕ್ಕೆ ಮುಂಚೆ ರಜೆ ಸಿಕ್ಕರೆ ಬಾ. ಮಾವನೂ ಬರುತ್ತಾನೆ, ಮೂವರೂ ಶಾಂತಳ್ಳಿಗೆ ಹೋಗಿ ಮೇಷ್ಟ್ರ ಮನೆಯವರನ್ನು ಮಾತಾಡಿಸಿಕೊಂಡು ಬರೋಣ. ಬರುವ ದಿನವನ್ನು ಮೊದಲೇ ತಿಳಿಸು, ಅವರಿಗೆ ಹೇಳಿಡಬೇಕು.

ಇಂತಿ,
ನಿನ್ನ ಅಮ್ಮ